ಹುಲ್ಲಿನ ಬಾಬ್ತು

ಪೆನ್ಸಿಲ್ ಮಾತ್ರ, ಶಾಯಿ ಕೂಡದು, ಎನ್ನುತ್ತಾನೆ ಬ್ಲೂಯೆಟ್,
ಎಕ್ಸೆಟರಿನ ದಫ್ತರಖಾನೆಯ ಕಾವಲಿನವನು.
ಕೋಟು, ಚೀಲ, ನೀರಿನ ಬಾಟಲಿ ಎಲ್ಲ ಹೊರಗೆ, ಪೆಟ್ಟಿಗೆಯಲ್ಲಿ.
ಒಂದು ಪೌಂಡಿನ ನಾಣ್ಯ ನುಂಗಿದರೇ ಅದರ ಬೀಗ ತಿರುಗುವುದು.

ನಾನು ಹುಡುಕಿಕೊಂಡು ಬಂದದ್ದು ಸಣ್ಣ ಸಂಗತಿ:
ನನ್ನ ಕಾದಂಬರಿಯ ಜೋರಿ ಟ್ರೆಗಿಯರ್
ಸೆರೆಮನೆಯ ನೆಲಮಾಳಿಗೆಯಲ್ಲಿ ಕಣ್ಣು ಬಿಟ್ಟರೆ
ಮೊದಲು ಕಾಣುವುದೇನು?
ಕಿಂಡಿ ಇತ್ತೆ? ಇದ್ದರೆ ಯಾವ ದಿಕ್ಕಿಗೆ?
ನಾಲ್ಕು ತಿಂಗಳಿಂದ ಹದಿಮೂರನೆಯ ಅಧ್ಯಾಯದಲ್ಲಿ
ಅವನು ಕಣ್ಣು ಮುಚ್ಚಿಯೇ ಬಿದ್ದಿದ್ದಾನೆ.

ಕಿಂಡಿಯ ಮಾತು ಯಾರೂ ಬರೆದಿಟ್ಟಿಲ್ಲ.
ಬರೆದಿರುವುದು ದುಡ್ಡು.
ಒಳಗೆ ಬಂದದ್ದಕ್ಕೆ ಇಷ್ಟು. ಹುಲ್ಲಿನ ಬಾಬ್ತು ಎರಡು ಪೆನ್ನಿ.
ಕೊಳೆತ ಹುಲ್ಲು ಬದಲಿಸಿದರೆ ಮತ್ತೆರಡು.
ಕಾಲಿಗೆ ಭಾರದ ಬೇಡಿ; ಹಗುರದ್ದು ಬೇಕೆಂದರೆ
ಅದಕ್ಕೊಂದು ದರ, ವಾರಕ್ಕಿಷ್ಟೆಂದು.
ಹೊಸಬ ಹಳಬರಿಗೆಲ್ಲ ಕುಡಿಸಬೇಕು,
ಇಲ್ಲವೋ, ಮೈಮೇಲಿನ ಅಂಗಿ ಬಿಚ್ಚಬೇಕು.
ಬೀದಿಗಿರುವ ಕಂಬಿಯಿಂದ ಕೈ ಚಾಚಿ
ಬೇಡುವುದಕ್ಕೂ ಪಾಳಿ, ಪಾಳಿಗೂ ಕಾಸು.
ಬೆಕ್ಕಿಗೆ ಹಾಲು, ಅರ್ಧ ಪೆನ್ನಿ:
ಜೈಲರನ ಕೈಯಿಂದ ಬಿಚ್ಚಿದ್ದು ಇದೊಂದೇ.

ಒಂದು ಹಾಳೆಯ ಮೇಲೆ ಕಂದು ಕಲೆ. ರಕ್ತ ಅಂದುಕೊಂಡೆ,
ಆಸೆಪಟ್ಟೇ ಅಂದುಕೊಂಡೆ, ಸುಳ್ಳೇಕೆ.
"ಬಿಯರ್," ಎಂದ ಬ್ಲೂಯೆಟ್, ಬಗ್ಗಿ ನೋಡಿ.
"ಎಲ್ಲರೂ ಕೇಳುತ್ತಾರೆ."

ಆಮೇಲೆ ಈ ಸಾಲು.
ಥಾಮಸಿನ್ ಹೂಪರ್, ಬೆಣ್ಣೆ ಕದ್ದಳೆಂಬ ಆರೋಪ.
ಮಾರ್ಚಿನಲ್ಲಿ ಖುಲಾಸೆ.
ಖುಲಾಸೆಯಾದವಳ ಹೆಸರು ಏಪ್ರಿಲಿನಲ್ಲಿದೆ.
ಮೇ ತಿಂಗಳಲ್ಲಿದೆ. ಹುಲ್ಲಿನ ಬಾಬ್ತು ಎರಡು ಪೆನ್ನಿ, ಬಾಕಿ.
ಜೂನ್, ಬಾಕಿ. ತಪ್ಪಿಲ್ಲವೆಂದು ಹೊರಗೆ ಹೋಗುವುದಕ್ಕೆ
ಕಟ್ಟಬೇಕಾದ ಶುಲ್ಕ, ಬಾಕಿ.
ಮಗು, ಹೆಣ್ಣು: ಅದಕ್ಕೂ ಒಂದು ಸಾಲು,
ಒಳಗೆ ಬಂದದ್ದಕ್ಕೆ ಅರ್ಧ ದರ.
ಒಳಗೆ ಬಂದದ್ದಂತೆ!
ಯಾವ ಬಾಗಿಲಿನಿಂದ?

ಕೊರಳ ಸೆರೆ ಬಿಗಿಯಿತು. ಪೆನ್ಸಿಲ್ ಮೊಂಡಾಗಿತ್ತು.
ಸೆಪ್ಟೆಂಬರಿನ ಹಾಳೆಯನ್ನು ಇಲಿ ತಿಂದಿದೆ,
ಬೆಕ್ಕಿಗೆ ಅಷ್ಟು ಹಾಲು ಹುಯ್ದ ಮೇಲೂ.

ಇಪ್ಪತ್ತನೆಯ ಅಧ್ಯಾಯದಲ್ಲಿ ನನ್ನ ಜೋರಿ ಖುಲಾಸೆಯಾಗಿ
ನೆಟ್ಟಗೆ ನಡೆದುಬಿಟ್ಟಿದ್ದ, ಎಕ್ಸ್ ಹೊಳೆಯ ಸೇತುವೆ ದಾಟಿ,
ಬಿಸಿಲಿಗೆ ಕಣ್ಣು ಕಿರಿದು ಮಾಡಿ. ಚೆಂದದ ಪುಟ ಅದು,
ಓದಿ ನನ್ನ ತಂಗಿ ಅತ್ತಿದ್ದಳು.
ಹೊಡೆದು ಹಾಕಿದೆ.

ಐದಕ್ಕೆ ಬ್ಲೂಯೆಟ್ ಒಂದೊಂದೇ ದೀಪ ಆರಿಸುತ್ತ ಬಂದ.
ಪೆಟ್ಟಿಗೆ ನನ್ನ ಕೋಟು ಕೊಟ್ಟಿತು,
ಪೌಂಡನ್ನೂ ಠಣ್ಣೆಂದು ಅಂಗೈಗೆ ಉಗುಳಿತು.
ಅದನ್ನು ಎಲ್ಲಿಡಬೇಕೆಂದು ತಿಳಿಯದೆ
ಮುಷ್ಟಿಯಲ್ಲೇ ಹಿಡಿದು ಬಸ್ಸು ಹತ್ತಿದೆ,
ಮಂಜು ಹಿಡಿದ ಗಾಜಿಗೆ ಒರಗಿ, ಉಳಿದ ಮೊಂಡು ಮೊನೆಯಲ್ಲಿ ಬರೆದೆ:

ಜೋರಿ ಕಣ್ಣು ಬಿಟ್ಟ.
ಪಕ್ಕದ ಹುಲ್ಲಿನ ಮೇಲೆ, ಆಗಲೇ ಎದ್ದು,
ಯಾರದೋ ಮಗು ಅವನನ್ನೇ ನೋಡುತ್ತಿತ್ತು.