ಸಮುದ್ರ ಎಲ್ಲದ?

ಚೌಬಾರಾದ ಬುಡಕ ಆಟೊ ನಿಲ್ಲಿಸಿದಾಗ
ಯೊರಿಸ್ ಸಾಹೇಬ ಫೋನು ಮುಂದ ಹಿಡದ:
ತನ್ನೂರ ಬಂದರು.
ತೆರಿಯಂಗ ಬಾಗಿದ ಗಾಜಿನ ಕಟ್ಟಡ,
ಉಕ್ಕಿನ ಹಗ್ಗಕ್ಕ ಜೋತುಬಿದ್ದ ಬಿಳೀ ಸೇತುವಿ,
ಹಳೇ ಗೋದಾಮಿನ ನೆತ್ತಿ ಮ್ಯಾಲ
ಯಾರೋ ಮರತು ಹೋದ ಹಡಗಿನಂಥ ನಾಟಕಶಾಲಿ.
ಅದರಾಗಿನ ಎರಡು ಕಿಟಕಿ ತಾನೇ ಬರದದ್ದಂತ.
ಎರಡೇ ಏನ್ರೀ, ಅಂದೆ.
ನಕ್ಕ.

ನಿಮ್ಮೂರಾಗ ಏನದ ಘಾಳೆಪ್ಪ?
ಕೂಡ್ರಿ, ಅಂದೆ. ಮೀಟರ್ ಹಾಕಲಿಲ್ಲ.
ಹಾಕಿದ್ರೂ ಓಡಂಗಿಲ್ಲ ಅದು.

ಮದರಸಾದ ಮುಂದ ಮಾತು ನಿಂತವು.
ಬಲಕ್ಕ ಮಿನಾರ, ಎಡಕ್ಕ ಬರೇ ಆಕಾಶ;
ಮದ್ದು ಸಿಡಿದು ಹಾರಿದ ಅರ್ಧ ಮೈ.
ಕಟ್ಟಿಸಿದಾಂವ ವ್ಯಾಪಾರಿ,
ದಾಭೋಳದಾಗ ಹಡಗಿಳಿದು ಘಟ್ಟ ಏರಿ ಬಂದಾಂವ.
ಉಳಿದ ನೀಲಿ ಬಿಲ್ಲೆ ಎದುರು ಸಾಹೇಬ ಕೈ ಎತ್ತಿದ,
ಮುಟ್ಟಲಿಲ್ಲ.
ಚಳಿಗಾಲದಾಗ, ಸಂಜೀ ಮುಂದ, ಬರೇ ಹತ್ತು ನಿಮಿಷ
ತನ್ನೂರ ನೀರು ಇದೇ ಬಣ್ಣ ಆಗ್ತದಂತ.

ರಂಗೀನ್ ಮಹಲಿನ ಕೀಲಿ ಇದ್ದಾಂವ
ಊಟಕ್ಕ ಹೋಗಿದ್ದ. ಕಾದಿವಿ.
ಬಂದು, ಒದ್ದಿ ಕೈಲೇ ಬಾಗಿಲ ತೆಗದ.
ಕರೀ ಕಲ್ಲಿನಾಗ ಕೂಡಿಸಿದ ಮುತ್ತಿನ ಚಿಪ್ಪು
ಬ್ಯಾಟರಿ ಬೆಳಕಿಗಿ
ಮೀನಿನ ಹೊಟ್ಟಿಯಂಗ ಹೊರಳಿ ಮಿಂಚಿತು.
ಚಿಪ್ಪು! ಇಲ್ಲಿ? ಸಮುದ್ರ ಎಲ್ಲದ?
ಕೀಲಿಯಾಂವ ಭಾಳ ವಿಚಾರ ಮಾಡಿ
ಹುಮನಾಬಾದ ಕಡಿ ಬಟ್ಟು ತೋರಿಸಿದ.

ಅಷ್ಟೂರಿಗಿ ಒಯ್ದೆ.
ಸಿಡಿಲು ಸೀಳಿದ ಗುಂಬಜ:
ಗ್ವಾಡಿ ಎಷ್ಟು ದಪ್ಪ, ಕಮಾನು ಎಲ್ಲಿ ಹುಟ್ಟಿ ಎಲ್ಲಿ ಬಾಗ್ತದ,
ಎಲ್ಲಾ ಬಯಲು.
ನಾವು ಮನಿ ಕೊಯ್ದಂಗ ಚಿತ್ರ ಬರದು
ಒಳಗ ಹ್ಯಾಂಗದ ಅಂತ ತೋರಿಸ್ತೀವಿ, ಅಂದ.
ಇಲ್ಲಿ ಸಿಡಿಲೇ ಬರದದ.
ಒಂದು ಆಡು ಆ ಸೀಳಿನ ನೆರಳಾಗ ಮಲಗಿತ್ತು.

ಹೊತ್ತು ಮುಳುಗೂ ಮುಂದ ರಊಫ್ ಚಾಚಾನ ಅಂಗಡಿ.
ಬಿದರಿ ಹೂಜಿ ಇನ್ನೂ ಕರ್ರಗ ಆಗಿಲ್ಲ.
ಕ್ವಾಟಿಯೊಳಗ ಮಳಿ ಬಿಸಿಲು ಕಾಣದ ಮಣ್ಣು ಬೇಕು ಅದಕ್ಕ;
ಖರೇ ಮಣ್ಣು ಯಾವುದಂತ
ಕಣ್ಣಿಗಿ ತಿಳಿಯಂಗಿಲ್ಲ.
ಚಾಚಾ ಚಿಟಿಕಿ ತಗೊಂಡು ನಾಲಿಗಿ ಮ್ಯಾಲ ಇಟ್ಟ,
ಇನ್ನೊಂದು ಚಿಟಿಕಿ ಸಾಹೇಬಗ ನೀಡಿದ.

ಉಪ್ಪು, ಅಂದ ಸಾಹೇಬ.
ಮತ್ತೇನೂ ಅನ್ನಲಿಲ್ಲ.
ಬಸ್‌ಸ್ಟ್ಯಾಂಡ್ ತನಕ ಬಾಯಿ ಮುಚ್ಚಿಕೊಂಡೇ ಕುಂತಿದ್ದ,
ಉಗುಳಲಿಕ್ಕೂ ಇಲ್ಲ, ನುಂಗಲಿಕ್ಕೂ ಇಲ್ಲ.

ನಲವತ್ತು ವರ್ಷ ಆಯ್ತು,
ಈ ಧೂಳಿನಾಗೇ ಗಾಡಿ ಹೊಡೀತೀನಿ.
ರಾತ್ರಿ ಮನಿ ಮುಂದ ಮಾರಿ ತೊಳೀಲಿಕ್ಕ
ಚರಗಿ ಎತ್ತಿದಾಂವ
ತಡದೆ.
ಮೊದಲು ತುಟಿ ನೆಕ್ಕಿ ನೋಡಿಕೊಂಡೆ.