ಬಾಳಿಕೆ

ಕೌಂಟರಿನ ಮೇಲೆ ಚೀಲ ಬೋರಲು ಹಾಕಿ
ಡೋನ್ನಾ ಕೇಳುತ್ತಾಳೆ: ‘ಆರು ವಾರ. ಬರೀ ಆರು ವಾರ.
ನಲವತ್ತೆಂಟು ಪೌಂಡು. ನೀನೇ ಹೇಳು,
ಶಾಲೆಯ ಷೂ ಅಂದರೆ ಎಷ್ಟು ದಿನ ಬರಬೇಕು?’

ನಾನು ಹೇಳುವುದಿಲ್ಲ. ಅದಕ್ಕೆ ಮ್ಯಾನೇಜರ್ ಮಾರ್ಗೋ ಇದ್ದಾಳೆ.
ಕೆಟರಿಂಗಿನ ಈ ಅಂಗಡಿಯಲ್ಲಿ ನನ್ನ ಕೆಲಸ
ಮಂಡಿಯೂರಿ ಪಾದ ಅಳೆಯುವುದು:
ಹಿಮ್ಮಡಿ ಒತ್ತು, ಬೆರಳು ಮಡಚಬೇಡ ಪುಟ್ಟಾ,
ಹನ್ನೆರಡೂವರೆ, ಅಗಲ ಎಫ್,
ತುದಿಗೆ ನನ್ನ ಹೆಬ್ಬೆರಳಿನಷ್ಟು ಜಾಗ, ಬೆಳೆಯಲಿಕ್ಕೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಏಳು ವರ್ಷದ ಕಾಲು ಕಂಡಿರಲಿಕ್ಕಿಲ್ಲ.

ಜೋಡನ್ನು ತಿರುಗಿಸಿ ನೋಡುತ್ತೇನೆ.
ಬಲಗಾಲಿನದು ನೆಟ್ಟಗಿದೆ. ಎಡಗಾಲಿನ ತುದಿ
ಇಲಿ ತಿಂದ ಕೊಬ್ಬರಿ ಗಿಟುಕು.
‘ಆಲ್ಫಿಗೆ ಸ್ಕೂಟರಿದೆಯಾ?’
‘ಇದೆ.’
‘ಬ್ರೇಕು?’
ಡೋನ್ನಾ ಮಗನನ್ನು ನೋಡುತ್ತಾಳೆ. ಮಗ ಸೂರು ನೋಡುತ್ತಾನೆ.
ಮನೆಯಿಂದ ಶಾಲೆಯವರೆಗಿನ ಇಳಿಜಾರು ಪೂರ್ತಿ
ಎಡಗಾಲಿನಲ್ಲೇ ಬರೆದು ಬಂದಿದ್ದಾನೆ.

ಹೀಗೆ ಓದುವುದು ಅಭ್ಯಾಸವಾಗಿದೆ ನನಗೆ.
ರೇಡಿಯೇಟರಿನ ಮೇಲಿಟ್ಟು ಹಪ್ಪಳ ಮಾಡಿದವರು,
ಲೇಸು ಬಿಚ್ಚದೆ ಹಿಮ್ಮಡಿ ತುಳಿದು ಮೆಟ್ಟುವವರು,
‘ನಮ್ಮಜ್ಜ ಇದೇ ಊರಲ್ಲಿ ಬೂಟು ಹೊಲೀತಿದ್ದ,
ಆಗಿನ ಅಟ್ಟೆ ಅಂದರೆ ಅಟ್ಟೆ’ ಎನ್ನುವ ಮುದುಕ
(ಅಜ್ಜನ ಕಾರ್ಖಾನೆ ಈಗ ಫ್ಲ್ಯಾಟುಗಳು, ಮುದುಕ ಅಲ್ಲೇ ಬಾಡಿಗೆಗಿದ್ದಾನೆ).

ರಾಣೆಬೆನ್ನೂರಿನಲ್ಲಿ ನನಗೆ ಬಂದದ್ದು ಅಣ್ಣನ ಜೋಡು,
ತುದಿಗೆ ಹತ್ತಿ ತುರುಕಿ. ನನ್ನ ನಂತರ ತಮ್ಮನಿಗೆ, ಹತ್ತಿಯ ಸಮೇತ.
ಶನಿವಾರದ ಬಿಳಿ ಕ್ಯಾನ್ವಾಸಿಗೆ ಸೀಮೆಸುಣ್ಣ ತಿಕ್ಕಿ
ತೂತನ್ನೂ ಬೆಳ್ಳಗೆ ಮಾಡುತ್ತಿದ್ದೆವು.
ಎಷ್ಟು ದಿನ ಬರಬೇಕೆಂದು ಯಾರೂ ಕೇಳಲಿಲ್ಲ.
ಬರುತ್ತಿತ್ತು.

ಅದಕ್ಕೇ ಇರಬೇಕು, ಧಾತ್ರಿಯ ಜೋಡಿನ ಮೇಲೆ ನನಗೆ ಅಷ್ಟು ಜಂಬ.
ಸೆಪ್ಟೆಂಬರಿನಲ್ಲಿ ಕೊಂಡದ್ದು, ಸಿಬ್ಬಂದಿಯ ರಿಯಾಯಿತಿಯಲ್ಲಿ.
ಫೆಬ್ರವರಿಗೂ ಮುಖ ಕಾಣುವಷ್ಟು ಹೊಳಪು.
ಮಾರ್ಗೋ ಅದನ್ನು ಎತ್ತಿ ಹಿಡಿದು ಗಿರಾಕಿಗಳಿಗೆ ತೋರಿಸಿದಳು:
‘ನೋಡಿ, ಜೋಪಾನ ಮಾಡಿದರೆ ಹೀಗೆ ಬರುತ್ತೆ.’
ನಾನು ನಕ್ಕೆ. ಎಲ್ಲರ ಮುಂದೆ ನಕ್ಕೆ.

ಆ ರಾತ್ರಿ ಪಾಲಿಶ್ ಹಚ್ಚಲು ಕೂತವಳು
ಅಟ್ಟೆ ತಿರುಗಿಸಿದೆ. ಕಂಪನಿಯ ಹೆಸರು
ಒಂದಕ್ಷರ ಸವೆದಿರಲಿಲ್ಲ.
ತುದಿಯಲ್ಲಿ ಗೀರಿಲ್ಲ. ಪಕ್ಕದಲ್ಲಿ ಕೆಸರಿಲ್ಲ.
ಹಿಮ್ಮಡಿಯ ಹಿಂದೆ ಮಾತ್ರ, ಎರಡೂ ಕಾಲಿಗೆ ಸಮನಾಗಿ,
ಇಟ್ಟಿಗೆಯ ಕೆಂಪು ಪುಡಿ.

ಬ್ರಷ್ಷು ಕೈಯಲ್ಲೇ ಉಳಿಯಿತು.
ಊರಿನ ಮಕ್ಕಳ ಕಾಲೆಲ್ಲ ಓದಿದ್ದೆ ನಾನು.

‘ಊಟದ ಬಿಡುವಿನಲ್ಲಿ ಏನು ಮಾಡ್ತೀಯ, ಧಾತ್ರಿ?’
‘ನಿಲ್ತೀನಿ.’
‘ಎಲ್ಲಿ?’
‘ಗೋಡೆ ಹತ್ರ.’
ಟೀವಿಯಿಂದ ಕಣ್ಣು ತೆಗೆಯದೆ ಹೇಳಿದಳು,
ಹವೆಯ ವಿಷಯ ಹೇಳುವ ಹಾಗೆ.

ಟೀಚರ ಬಳಿ ಹೋದೆ, ಬರೆದುಕೊಂಡರು.
ಎರಡು ವಾರ ಪುಡಿ ಕೆಂಪಗೇ ಇತ್ತು.
ಈಸ್ಟರ್ ರಜೆಗೆ ಜೋಡು ಚಿಕ್ಕದಾಯಿತು,
ಹಳತಾಗದೆಯೇ ಚಿಕ್ಕದಾಯಿತು.
ದಾನದಂಗಡಿಯವಳು ಎರಡೆರಡು ಸಲ ಕೇಳಿದಳು,
‘ಹಾಕಿಕೊಂಡೇ ಇಲ್ಲವಾ?’

ಮೇ ತಿಂಗಳ ಒಂದು ಸಂಜೆ ಮನೆಗೆ ಬಂದವಳ
ಒಂದು ಲೇಸು ನಾಪತ್ತೆ.
ಬಲಗಾಲಿನ ಬಾಯಿ ತೆರೆದು ಕಾಲುಚೀಲ ನಾಲಿಗೆ ಚಾಚಿತ್ತು.
ಬೈದೆ. ಅಭ್ಯಾಸಬಲ,
ಪೌಂಡಿನ ಲೆಕ್ಕ ಸಮೇತ ಬೈದೆ.
ಅವಳು ಕೇಳಿಸಿಕೊಳ್ಳಲಿಲ್ಲ.
ಆಯೆಷಾ ಅನ್ನುವವಳು ಗೋಲು ಕಾಯುತ್ತಾಳಂತೆ, ಅಳುಬುರುಕಿಯಂತೆ,
ಮೋಸ ಮಾಡುತ್ತಾಳಂತೆ, ನಾಳೆ ಮತ್ತೆ ಇದೆಯಂತೆ.

ಡೋನ್ನಾ ಇನ್ನೂ ಕಾಯುತ್ತಿದ್ದಾಳೆ.
ಮಾರ್ಗೋ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಎಣಿಸುತ್ತಿದ್ದಾಳೆ.
‘ಎಷ್ಟು ದಿನ?’
‘ನಮ್ಮನೆಯಲ್ಲಿ ಮೂರು ವಾರ’ ಎನ್ನುತ್ತೇನೆ.
ನನ್ನ ಮುಖದಲ್ಲಿ ಏನು ಕಂಡಳೋ,
ಡೋನ್ನಾ ಚೀಲ ಮಡಚುತ್ತಾಳೆ, ‘ಹುಚ್ಚಿ’ ಅನ್ನುವಂತೆ ನೋಡಿ.
ಆಲ್ಫಿ ಆಗಲೇ ಬಾಗಿಲಲ್ಲಿ,
ಎಡಗಾಲು ಎತ್ತಿಕೊಂಡು.