ಕಾರಣ: ನೀರು

ಓಬಕ್ಕನಕಟ್ಟೆ ಫುಟ್‌ಬಾಲ್ ಸಂಘದ ಚರಿತ್ರೆ
ನನ್ನ ಟ್ರಂಕಿನಲ್ಲಿದೆ: ನೂರು ಹಾಳೆಯ ಒಂದು ನೋಟ್‌ಬುಕ್ಕು,
ಅದರಲ್ಲಿ ಅರವತ್ತು ಖಾಲಿ.
ಖಜಾಂಚಿ ನಾನೇ. ಆಡಲು ಬಾರದವನಿಗೆ
ಕೊಟ್ಟ ಹುದ್ದೆ ಅದು.

ದಾವಣಗೆರೆಯಲ್ಲಿ ಮಿಲ್ಲಿಗೆ ಬೀಗ ಬಿದ್ದ ವರ್ಷ
ಬಾಕಿ ಸಂಬಳಕ್ಕೆಂದು ಗೇಟಿನ ಮುಂದೆ
ಹದಿನೇಳು ದಿನ ಕೂತ ಪಾಲಯ್ಯ
ಹದಿನೆಂಟನೆಯ ದಿನ ಮಿಲ್ಲಿನ ಕ್ಲಬ್ಬಿಗೆ ನುಗ್ಗಿ
ಒಂದು ಚೆಂಡು ಬಗಲಲ್ಲಿಟ್ಟುಕೊಂಡು
ಜಗಳೂರು ಬಸ್ಸು ಹತ್ತಿದ.
ಕಂಡಕ್ಟರು ಲಗೇಜು ಟಿಕೆಟ್ಟು ಕೇಳಿದನಂತೆ.
'ಇದು ನನ್ನ ಪಿ.ಎಫ್ಫು ಕಣಪ್ಪಾ' ಅಂದನಂತೆ.

ಊರಲ್ಲಿ ಸಮವಾದ ನೆಲ ಒಂದೇ,
ಒಣಗಿದ ಕೆರೆಯ ಅಂಗಳ.
ಗೋಲಿಗೆ ಕಲ್ಲುಕಂಬ. ಬಲೆಗೆ ಬೆಸ್ತರ ರಂಗಪ್ಪನ ಬಲೆ,
ಮೂರು ವರ್ಷದಿಂದ ಸೂರಿಗೆ ಜೋತುಬಿದ್ದಿತ್ತು.
'ಮೀನಂತೂ ಇಲ್ಲ, ಇದಾದ್ರೂ ಬೀಳ್ಲಿ'
ಅಂತ ತಾನೇ ಬಂದು ಕಟ್ಟಿದ.

ಚೆಂಡು ಹರಿದಾಗಲೆಲ್ಲ ದುರುಗಪ್ಪ ಹೊಲಿದ,
ಎಕ್ಕಡದ ತೊಗಲಿಟ್ಟು, ಎಕ್ಕಡದ ದಾರದಲ್ಲೇ.
ಅದನ್ನು ಹಿರೇಮಠದ ಮರುಳಸಿದ್ಧಯ್ಯ
ಹಣೆಯಲ್ಲಿ, ವಿಭೂತಿಯ ಮೇಲೇ, ಹೊಡೆದು ಗೋಲು ಮಾಡಿದ ದಿನ
ಅವರವ್ವ ಬಾಗಿಲಲ್ಲೇ ನಿಲ್ಲಿಸಿ ಮೈಮೇಲೆ ನೀರು ಸುರಿದಳು.
ಮರುದಿನವೂ ಸುರಿದಳು.
ಅದರಾಚೆ ವಾರ ಬಾವಿಯ ತಳ ಕಂಡಿತು.
ಚರ್ಚೆ ಅಲ್ಲಿಗೆ ಮುಗಿಯಿತು.

ನಮ್ಮ ಒಳ್ಳೆಯ ವರ್ಷಗಳೆಲ್ಲ ಊರಿನ ಕೆಟ್ಟ ವರ್ಷಗಳು.
ಮಳೆಗಾಗಿ ಊರು ಕತ್ತೆಗಳ ಮದುವೆ ಮಾಡಿಸಿ
ಮೆರವಣಿಗೆ ಹೊರಟಾಗ
ಗೋಲ್‌ಕೀಪರ್ ಪಿಂಜಾರ ಹುಸೇನಪ್ಪ
ನನ್ನ ಕಿವಿಯಲ್ಲಿ ಅಂದ:
'ಬರ್ಲಿ ಬಿಡು. ಆದ್ರೆ ಭಾನುವಾರ ಕಳೀಲಿ.'

ಆ ಭಾನುವಾರ ದಾವಣಗೆರೆಯ ಹೈಸ್ಕೂಲು ಮೈದಾನದಲ್ಲಿ
ಒಂಬತ್ತು ಗೋಲು ತಿಂದೆವು. ಒಂದು ಹೊಡೆದೆವು.
ನಮ್ಮಲ್ಲಿ ಬೂಟು ಇದ್ದದ್ದು ಪಾಲಯ್ಯನಿಗೊಬ್ಬನಿಗೇ,
ಅವೂ ಮಿಲ್ಲಿನವೇ.
ಆ ಒಂದು ಗೋಲು ಯಾರದ್ದು ಎಂಬುದಕ್ಕೆ
ಊರಲ್ಲಿ ಇವತ್ತಿಗೂ ನಾಲ್ಕು ಜನ ವಾರಸುದಾರರು.
ನಾನು ಬರೆದದ್ದು ಇಷ್ಟು:
ಮಂಡಕ್ಕಿ, ಮಿರ್ಚಿ, ಹದಿಮೂರು ಜನಕ್ಕೆ. ಬಾಕಿ ಹೇಳಿದೆ.

ಅಣಜಿ ದಾಟುವಾಗ ಮಳೆ ಹಿಡಿಯಿತು.
ಸೋತವರು ಬಸ್ಸಿನೊಳಗೇ ಕುಣಿದರು.
ಕುಣಿಯುತ್ತ ಕುಣಿಯುತ್ತ ಅರ್ಥವಾಗಿ
ಒಬ್ಬೊಬ್ಬರೇ ಕೂತರು.
ಬೆಳಗ್ಗೆ ರಂಗಪ್ಪ ಮೊಣಕಾಲುದ್ದ ನೀರಲ್ಲಿ ನಿಂತು
ಬಲೆ ಬಿಚ್ಚುತ್ತಿದ್ದ. ಗಂಟು ಬಿಗಿದಿತ್ತು.
ಹುಸೇನಪ್ಪನೇ ಇಳಿದು ಹೋಗಿ
ಹಲ್ಲಲ್ಲಿ ಕಚ್ಚಿ ಬಿಡಿಸಿಕೊಟ್ಟ.
ಆ ಹಾಳೆಯಲ್ಲಿ ಬರೆದೆ:
ಆಟವಿಲ್ಲ. ಕಾರಣ: ನೀರು.

ಆಮೇಲೆ ಎಷ್ಟೋ ಸಲ ತುಂಬಿತು, ಬತ್ತಿತು.
ಈಗ ಹೊಳೆಯನ್ನೇ ಪೈಪಿನಲ್ಲಿ ತಂದು ಬಿಟ್ಟಿದ್ದಾರೆ.
ಇನ್ನು ಒಣಗುವುದಿಲ್ಲವಂತೆ.
ಕೋಡಿ ಬಿದ್ದ ದಿನ ಎಲ್ಲರ ಜೊತೆ
ನಾನೂ ಏರಿಯ ಮೇಲೆ ನಿಂತು ಸೀಟಿ ಹೊಡೆದೆ, ಸುಳ್ಳಲ್ಲ,
ಖುಷಿಗೇ ಹೊಡೆದೆ.
ಕಂಬಗಳ ತುದಿ ಎರಡು ಗೇಣು ಕಾಣುತ್ತಿತ್ತು,
ಒಂದರ ಮೇಲೆ ನೀರುಕಾಗೆ.
ಪಕ್ಕದಲ್ಲಿ ಹುಸೇನಪ್ಪ, ಮಂಡಿನೋವು, ದಪ್ಪ ಕನ್ನಡಕ.
ಹಕ್ಕಿ ರಪ್ಪನೆ ನಮ್ಮತ್ತ ಹಾರಿದ್ದೇ ತಡ
ಎಡಕ್ಕೆ ಅರ್ಧ ಹೆಜ್ಜೆ ಇಟ್ಟು ಎರಡೂ ಕೈ ಎತ್ತಿದ.
ಮತ್ತೆ ಅದೇ ಕೈಯಲ್ಲಿ
ಪಂಚೆ ಸರಿಮಾಡಿಕೊಂಡ.

ಸಂಘದ ಲೆಕ್ಕದಲ್ಲಿ ಇನ್ನೂ
ಇನ್ನೂರ ಹನ್ನೆರಡು ರೂಪಾಯಿ ಉಳಿದಿದೆ.
ದಾವಣಗೆರೆಗೆ ಹೋದಾಗ
ಆ ಮಿರ್ಚಿ ಅಂಗಡಿಯವನ ಮಗನನ್ನು ಹುಡುಕಬೇಕು.